ಚೆನ್ನಾಗಿದ್ದಾರೆ ಎಂಬ ಉತ್ತರ

ತುಮಕೂರಿನಿಂದ ವಿಶಾಖಪಟ್ಟಣಕ್ಕೆ ತೆಲುಗರ ಸೊಸೆಯಾಗಿ ಬಂದ ಹೈಮಾವತಿ ಫೋನ್ ಕೈಗೆತ್ತಿಕೊಂಡರೆ ಸಾಕು, ಬಂಗಾಳ ಕೊಲ್ಲಿಯ ಮೀನುಗಳೂ ಸಾಲಾಗಿ ನಿಂತು ತಮ್ಮ ಮರಿಗಳ ತೂಕ ಒಪ್ಪಿಸುತ್ತಿದ್ದವು. ಬಸುರಿಯರ ರಕ್ತದೊತ್ತಡ ಕುರಿತ ಸಂಶೋಧನೆಯೊಂದರಲ್ಲಿ ಅವಳು ನರ್ಸು. ಹೆರಿಗೆಯಾಗಿ ತಿಂಗಳು ತುಂಬಿದಾಗ ತಾಯಿ, ಕೂಸುಗಳ ಸ್ಥಿತಿ ವಿಚಾರಿಸುವುದು ಅವಳ ಕೆಲಸ. ಬಾಣಂತಿ ತವರಿಗೆ ಹೋಗಿ ಏಳು ಸಮುದ್ರದಾಚೆ ಅಡಗಿದರೂ ಹುಡುಕಿ ತೆಗೆಯುವಳು. ಇಷ್ಟು ವರ್ಷ ಕೇಳಿದ ಸಾವುಗಳನ್ನು ಪೇರಿಸಿದರೆ ಊರಿನ ಗುಡ್ಡಗಳೆಲ್ಲ ಅದರ ಮುಂದೆ ಇರುವೆಗೂಡು. ಮೊದಮೊದಲು ಅಳುತ್ತಿದ್ದಳು. ಈಗ ಒಳಗೆ ಏನೂ ಅಲುಗುತ್ತಿರಲಿಲ್ಲ. ಸಾವಿನ ಸುದ್ದಿ ಕೇಳುತ್ತಲೇ ಇಡ್ಲಿ ತಿನ್ನಬಲ್ಲಳು, ಚಟ್ನಿಗೆ ಉಪ್ಪು ಕಡಿಮೆಯೆಂದೂ ಹೇಳಬಲ್ಲಳು.

ಆದರೂ ಒಂದು ಪ್ರಶ್ನೆ ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ‘ಮಗು ಬದುಕಿದೆಯೇ?’ ಎಂದೇ ಕೇಳಬೇಕೆಂದು ದೊಡ್ಡ ಡಾಕ್ಟರು ದುರ್ಗಾಪ್ರಸಾದರ ಕಟ್ಟಪ್ಪಣೆ. ಬಾಣಂತಿಯ ಮನೆಗೆ ಫೋನ್ ಮಾಡಿ ಹಾಗೆ ಕೇಳಿದರೆ ಸತ್ತ ಅಜ್ಜಿಯರೆಲ್ಲ ಎದ್ದು ಬಂದು ನಾಲಿಗೆಗೆ ಬರೆ ಹಾಕುವುದಿಲ್ಲವೇ? ಅದಕ್ಕೇ ಅವಳು ‘ಮಗು ಹೇಗಿದೆ?’ ಎನ್ನುತ್ತಿದ್ದಳು.

ವರ್ಷಾಳ ಮನೆಗೂ ಫೋನ್ ಮಾಡಿ ‘ಮಕ್ಕಳು ಹೇಗಿದ್ದಾರೆ?’ ಎಂದೇ ಕೇಳಿದಳು. ವರ್ಷಾ ನೌಕಾಪಡೆಯ ನಿಶಾಂತನ ಹೆಂಡತಿ. ಗಂಡ ಹಡಗಿನಲ್ಲಿ, ಅವಳು ವಿಜಯವಾಡದ ಭವಾನಿಪುರಂನ ತವರಿನಲ್ಲಿ. ಒತ್ತಡ ಏರಿ, ಫಿಟ್ಸ್ ಬಂದು, ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಅವಳಿ ಮಕ್ಕಳನ್ನು ತೆಗೆದಿದ್ದರು.

“ಬಾಗುನ್ನಾರಂಡಿ, ಇಬ್ರೂ ಚೆನ್ನಾಗಿದ್ದಾರೆ,” ಎಂದರು ವರ್ಷಾಳ ತಾಯಿ ರತ್ನಮ್ಮ.

ಇಬ್ಬರೂ ಬದುಕಿದ್ದಾರೆಂದು ಬರೆದುಕೊಂಡ ಹೈಮಾವತಿ ತೂಕ ನೋಡಲು ಊರಂಚಿನ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು.

ಭವಾನಿಪುರಂನ ಮನೆಯಲ್ಲಿ ವರ್ಷಾಳ ಮಗ್ಗುಲಿಗಿದ್ದದ್ದು ಒಂದೇ ಕೂಸು. ಕೋಣೆಯ ಬಾಗಿಲಲ್ಲೇ ರತ್ನಮ್ಮ ಗೂಡ್ಸ್ ರೈಲನ್ನೂ ಹಳಿ ತಪ್ಪಿಸುವ ಬಲದಿಂದ ಅವಳನ್ನು ಅಡುಗೆಮನೆಗೆ ಎಳೆದೊಯ್ದರು.

“ಹೆಣ್ಣುಕೂಸು ವಾರದೊಳಗೇ ಹೋಯ್ತಮ್ಮ. ಇವ್ಳಿಗೆ ಹೇಳಿಲ್ಲ. ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿದೆ ಅಂದಿದ್ದೀವಿ. ಮತ್ತೆ ಬಿಪಿ ಏರಿದ್ರೆ?”

“ಫೋನಲ್ಲಿ ಚೆನ್ನಾಗಿದ್ದಾರೆ ಅಂದ್ರಲ್ಲ?”

“ಪಕ್ಕದಲ್ಲೇ ಕೂತಿದ್ಲು. ನೀವು ‘ಹೇಗಿದ್ದಾರೆ’ ಅಂದ್ರಿ. ಮತ್ತೇನನ್ಲಿ?”

ದಿನಾ ಬೆಳಗ್ಗೆ ವರ್ಷಾ ಆ ಕೂಸಿಗೆಂದು ಎದೆಹಾಲು ಹಿಂಡಿಕೊಡುತ್ತಿದ್ದಳಂತೆ. ಅಪ್ಪ ಉಮಾಶಂಕರ ಅದನ್ನು ಆಸ್ಪತ್ರೆಗೆಂದು ಹೊತ್ತೊಯ್ದು, ಆಟೋನಗರದ ತಮ್ಮ ಲಾರಿ ಶೆಡ್ಡಿನ ಹಿಂದೆ ಬೇವಿನ ಬುಡಕ್ಕೆ ಸುರಿಯುತ್ತಿದ್ದರಂತೆ. ಆ ಬೇವು ಡೀಸೆಲ್ ಹೊಗೆಯನ್ನು ಸೀಳಿಕೊಂಡು ಮುಗಿಲು ಮುಟ್ಟಿ, ನಕ್ಷತ್ರಗಳಿಗೆ ನೆರಳಾಗಿರಬೇಕು. ಹೈಮಾವತಿ ಕೇಳಿಸಿಕೊಂಡಳು. ಏನಾದರೂ ಅಲುಗೀತೆಂದು ಒಂದು ಗಳಿಗೆ ಕಾದಳು. ಇಲ್ಲ.

ಕೋಣೆಗೆ ಬಂದು ವರ್ಷಾಳ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಒತ್ತಡ ಇಳಿದಿತ್ತು.

“ಅಕ್ಕ, ನಮ್ಮಮ್ಮ ಹೇಳೋ ಸುಳ್ಳಿಗೆ ಒಲೆ ಇಲ್ದೆ ಅನ್ನ ಬೇಯುತ್ತೆ,” ಎಂದಳು ವರ್ಷಾ. “ಪಾಪು ಫೋಟೋ ಕೇಳಿದ್ರೆ ಒಳಗೆ ಫೋನ್ ಬಿಡಲ್ವಂತೆ. ನೀವು ಹೇಳಿ. ಹೇಗಿದ್ದಾಳೆ ನನ್ ಮಗಳು?”

ಬಾಗಿಲಲ್ಲಿ ರತ್ನಮ್ಮ ಕೈ ಜೋಡಿಸಿ ನಿಂತಿದ್ದರು. ‘ಚೆನ್ನಾಗಿದ್ದಾಳೆ’ ಎಂಬುದು ಹೈಮಾವತಿಯ ತುಟಿಯವರೆಗೂ ಬಂತು. ಅದು ಹೊರಬಿದ್ದರೆ ನಾಳೆಯೂ ಈ ಹುಡುಗಿ ಹಾಲು ಹಿಂಡುತ್ತಾಳೆ.

“ಇಲ್ಲಮ್ಮ. ಹುಟ್ಟಿದ ವಾರದಲ್ಲೇ ಹೋದ್ಲು.”

ರತ್ನಮ್ಮ ಎದೆ ಬಡಿದುಕೊಂಡ ರಭಸಕ್ಕೆ ಕೃಷ್ಣಾ ಬ್ಯಾರೇಜಿನ ಗೇಟುಗಳೆಲ್ಲ ತೆರೆದುಕೊಳ್ಳಬೇಕಿತ್ತು. “ಎಂಥ ಬಾಯಮ್ಮ ನಿಂದು!” ಎಂದರು.

ವರ್ಷಾ ಅಳಲಿಲ್ಲ. “ಇವ್ರಿಗೆ ಗೊತ್ತಾ?” ಎಂದಳು.

“ಅಳಿಯಂದ್ರಿಗೆ ಅವತ್ತೇ ತಿಳಿಸಿದ್ವಿ.”

“ಸರಿ. ನಡುಸಮುದ್ರದ ಹಡಗಿಗೆ ಗೊತ್ತು. ಹೆತ್ತೋಳಿಗೆ ಗೊತ್ತಿಲ್ಲ.” ದನಿ ಏರಲಿಲ್ಲ. ತೋಳು ಮುಂದೆ ಚಾಚಿದಳು. “ಮತ್ತೆ ನೋಡಿ ಅಕ್ಕ. ಅಮ್ಮಂಗೆ ತೋರ್ಸಿ, ಏರಿದೆಯಾ ಅಂತ.”

ಹೈಮಾವತಿ ನೋಡಿದಳು. ಹೆಚ್ಚೇನೂ ಏರಿರಲಿಲ್ಲ.

ವರ್ಷಾ ಮಗನ ಬಟ್ಟೆ ಬಿಚ್ಚಿ ತಾನೇ ಹೈಮಾವತಿ ತಂದಿದ್ದ ತಕ್ಕಡಿಯಲ್ಲಿ ಮಲಗಿಸಿದಳು. ತಣ್ಣನೆಯ ತಟ್ಟೆ ಬೆನ್ನಿಗೆ ತಗುಲಿದ್ದೇ ತಡ, ಅವನು ಕಿರುಚಿದ ಕಿರುಚಿಗೆ ಕೃಷ್ಣಾ ನದಿಯ ಭವಾನಿ ದ್ವೀಪದ ದೋಣಿಗಳೆಲ್ಲ ದಡಕ್ಕೆ ತಿರುಗಿದವು. ಇಲ್ಲದ ಇನ್ನೊಂದು ಅಳುವಿಗೆ ಕಿವಿಗೊಟ್ಟಿದ್ದ ಕೋಣೆಯೊಳಗಿನ ಮೂವರಿಗೆ ಮಾತ್ರ ಅದು ತುಸು ತಡವಾಗಿ ಕೇಳಿಸಿತು.