ಸಾಕು ಅನ್ನಲು ಮರೆತ ಲಿವರ್

ಗಡಿಯಾರ ರಿಪೇರಿಯವನಿಗೆ ಬೆಳಗ್ಗೆ ಏಳುವಾಗಲೇ ಸುಸ್ತು. ರಾತ್ರಿಯಿಡೀ ಮೂಟೆ ಹೊತ್ತವನ ಹಾಗೆ ಮೈಕೈ ಭಾರ. ಅವನದೇನು ಮೂಟೆ ಹೊರುವ ಕೆಲಸವಲ್ಲ. ನೆರಳಲ್ಲಿ, ದೀಪದ ಕೆಳಗೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತು ಮಾಡುವ ಕೆಲಸ. ಆದರೂ ಸಂಜೆಯಾಗುವಷ್ಟರಲ್ಲಿ ಬಸವಳಿದು ಹೋಗುತ್ತಿದ್ದ.

ಸುಸ್ತು ಅಂದರೆ ನಾವೇನು ಮಾಡುತ್ತೇವೆ? ಮೂಲೆಯ ಔಷಧಿ ಅಂಗಡಿಗೆ ಹೋಗುತ್ತೇವೆ. ಅವನೂ ಹೋದ. ಅಂಗಡಿಯವನು ರಕ್ತ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಲಿಲ್ಲ, ಮುಖವನ್ನೂ ಸರಿಯಾಗಿ ನೋಡಲಿಲ್ಲ. ರಕ್ತ ಕಮ್ಮಿ ಇರಬೇಕು ಎಂದು ಕಬ್ಬಿಣದ ಟಾನಿಕ್ಕಿನ ಬಾಟಲಿ ಕೈಗಿಟ್ಟ. ಬಾಟಲಿಯ ಮೇಲೆ ತೋಳು ಉಬ್ಬಿಸಿಕೊಂಡು ಒಬ್ಬ ಗಂಡಸು ನಗುತ್ತಿದ್ದ.

ಹೆಂಡತಿ ತಪ್ಪದೆ ಕುಡಿಸಿದಳು. ಸುಸ್ತು ಹೆಚ್ಚಾದ ದಿನ ಚಮಚವೂ ಹೆಚ್ಚಾಯಿತು. ಬಾಟಲಿ ಮುಗಿದರೆ ಇನ್ನೊಂದು. ಸುಸ್ತು ಮಾತ್ರ ಜಗ್ಗಲಿಲ್ಲ. ಸಾಲದ್ದಕ್ಕೆ ತೋರುಬೆರಳು, ನಡುಬೆರಳಿನ ಬುಡದ ಗೆಣ್ಣು ಊದಿ ನೋಯತೊಡಗಿದವು. ಚಿಮಟದಲ್ಲಿ ಹಿಡಿದ ಪುಟ್ಟ ತಿರುಪು ಜಾರಿ, ಗಿರಾಕಿಯ ಎದುರೇ ಮೇಜಿನ ಕೆಳಗೆ ತಡಕಾಡುವ ಸ್ಥಿತಿ ಬಂತು. ಆ ಎರಡು ಬೆರಳು ಹೋದರೆ ಅಂಗಡಿಗೆ ಬೀಗ ಬಿದ್ದ ಹಾಗೇ.

ಅವನಿಗೊಬ್ಬಳು ತಂಗಿ. ಸರ್ಕಾರಿ ಸಂಶೋಧನಾಲಯದಲ್ಲಿ ವೈದ್ಯ ವಿಜ್ಞಾನಿ. ನಮ್ಮ ಲಿವರ್ ಕಬ್ಬಿಣವನ್ನು ಹೇಗೆ ಸಂಭಾಳಿಸುತ್ತದೆ ಎಂಬ ಒಂದೇ ಪ್ರಶ್ನೆ ಹಿಡಿದು ತಲೆ ನರೆಸಿಕೊಂಡವಳು. ಇಲಿಯ ಲಿವರಿನ ತೆಳು ಚೂರನ್ನು ಗಾಜಿನ ಮೇಲಿಟ್ಟು, ಕಬ್ಬಿಣ ಕೂತ ಜಾಗ ನೀಲಿಯಾಗುವಂತೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಅಣ್ಣ ಅವಳಿಗಿಟ್ಟ ಹೆಸರು ಇಲಿ ಡಾಕ್ಟರ್. ಒಬ್ಬ ಮನುಷ್ಯನಿಗೂ ಮದ್ದು ಕೊಡದ ಇದೆಂಥ ಡಾಕ್ಟರಿಕೆ ಎಂದು ನೆಂಟರೆದುರು ಕಾಲೆಳೆಯುತ್ತಿದ್ದ. ಇಲಿಗಳು ನಿನ್ನಷ್ಟು ತಲೆ ತಿನ್ನೋದಿಲ್ಲ ಎಂದು ಅವಳೂ ತಿರುಗಿಸಿ ಕೊಡುತ್ತಿದ್ದಳು.

ಒಂದು ಭಾನುವಾರ ಮನೆಗೆ ಬಂದವಳು ಅಣ್ಣನ ಕೈ ನೋಡಿದಳು. ಗೆಣ್ಣು ಒತ್ತಿದಳು. ಅಂಗಿಯ ತೋಳು ಮೇಲೆ ಸರಿಸಿದಳು. ಅವಳ ನಗು ನಿಂತಿತ್ತು.

"ಅತ್ತಿಗೆ, ಇವನು ಬಿಸಿಲಲ್ಲಿ ಓಡಾಡ್ತಾನಾ?"

"ಎಲ್ಲಿಯ ಬಿಸಿಲು? ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ."

"ಮತ್ತೆ ಮೈಯೆಲ್ಲ ಯಾಕೆ ಕಂಚಿನ ಬಣ್ಣಕ್ಕೆ ತಿರುಗಿದೆ?"

ಅತ್ತಿಗೆ ಕಪಾಟಿನಿಂದ ಟಾನಿಕ್ ತಂದು ತೋರಿಸಿದಳು. ಇದನ್ನು ಇವತ್ತೇ ನಿಲ್ಲಿಸಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ ಅಂದಳು ನಾದಿನಿ. ಅತ್ತಿಗೆಯ ಮುಖ ಸಣ್ಣದಾಯಿತು. ನೀವು ಪ್ರೀತಿಯಿಂದ ಕೊಟ್ಟಿದ್ದೀರಿ, ತಪ್ಪು ನಿಮ್ಮದಲ್ಲ, ಪರೀಕ್ಷೆಯಿಲ್ಲದೆ ಬಾಟಲಿ ದಾಟಿಸಿದವರದ್ದು ಎಂದು ಅವಳ ಕೈ ಹಿಡಿದುಕೊಂಡಳು.

ಅಣ್ಣ ಬಗ್ಗಲಿಲ್ಲ. "ನಿನಗೆ ಎಲ್ಲಿ ನೋಡಿದ್ರೂ ಕಬ್ಬಿಣಾನೇ ಕಾಣುತ್ತೆ. ಕಬ್ಬಿಣ ಅಂದ್ರೆ ಶಕ್ತಿ, ಅಷ್ಟೂ ಗೊತ್ತಿಲ್ವಾ?"

"ಬೇಕಾದಷ್ಟಿದ್ರೆ ಶಕ್ತಿ ಅಣ್ಣ. ಊಟದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಹೋಗುತ್ತೆ. ತುಂಬಿದ ಮೇಲೆ ಲಿವರ್ ಕರುಳಿಗೆ 'ಸಾಕು, ಬಾಗಿಲು ಹಾಕು' ಅಂತ ಹೇಳಿ ಕಳಿಸುತ್ತೆ. ಕೆಲವರ ಲಿವರ್ ಹುಟ್ಟಿನಿಂದಲೇ ಆ ಮಾತು ಹೇಳೋದಿಲ್ಲ. ಒಳಗೆ ಬಂದ ಕಬ್ಬಿಣ ಹೊರಗೆ ಹಾಕೋಕೆ ದೇಹಕ್ಕೆ ಸರಿಯಾದ ದಾರೀನೇ ಇಲ್ಲ. ಲಿವರಲ್ಲಿ, ಹೃದಯದಲ್ಲಿ, ಗೆಣ್ಣಿನಲ್ಲಿ ಕೂತು ಕೊರೆಯುತ್ತೆ. ಲಿವರ್ ಗಟ್ಟಿ ಕಟ್ಟೋವರೆಗೂ ಸುಸ್ತು ಬಿಟ್ರೆ ಬೇರೇನೂ ಗೊತ್ತಾಗದೇ ಇರಬಹುದು."

ಹೆಂಡತಿ ಆ ಟಾನಿಕ್ಕನ್ನು ಬಚ್ಚಲಿಗೆ ಸುರಿದಳು. ಬೆಳಗ್ಗೆ ತಾನೇ ಮುಂದೆ ನಡೆದು ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ರಕ್ತದಲ್ಲಿ ಕಬ್ಬಿಣದ ದಾಸ್ತಾನು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಇನ್ನೂ ಕೆಲವು ಪರೀಕ್ಷೆ ಮಾಡಿದ ಡಾಕ್ಟರು ತಂಗಿಯ ಅನುಮಾನವೇ ನಿಜ ಎಂದರು. ಪುಣ್ಯಕ್ಕೆ ಲಿವರ್ ಇನ್ನೂ ಗಟ್ಟಿ ಕಟ್ಟಿರಲಿಲ್ಲ. ಮದ್ದೇನು ಅಂದರೆ, ಆಗಾಗ ರಕ್ತ ತೆಗೆಯುವುದು.

"ಸುಸ್ತು ಅಂತ ಹೋದವನ ರಕ್ತಾನೇ ಬಸೀತಾರಂತೆ. ಭೇಷ್," ಅಂದ ಅವನು.

ಹೊಸ ರಕ್ತ ಕಟ್ಟಲು ದೇಹ ಲಿವರಿನಲ್ಲಿ ಬಚ್ಚಿಟ್ಟ ಕಬ್ಬಿಣವನ್ನೇ ಎತ್ತಿ ಬಳಸುತ್ತದೆ, ಹಾಗೆ ದಾಸ್ತಾನು ಕರಗುತ್ತದೆ ಎಂದು ತಂಗಿ ಬಿಡಿಸಿ ಹೇಳಿದಳು. ಮನಸ್ಸಿಲ್ಲದ ಮನಸ್ಸಿನಿಂದ ತೋಳು ಚಾಚಿದ. ತಿಂಗಳುಗಳು ಉರುಳಿದ ಹಾಗೆ ಸುಸ್ತು ಇಳಿಯಿತು. ಗೆಣ್ಣಿನ ನೋವು ಪೂರ್ತಿ ಹೋಗಲಿಲ್ಲ, ಆದರೆ ತಿರುಪು ಚಿಮಟದಲ್ಲಿ ನಿಂತಿತು. ಅಂಗಡಿ ಉಳಿಯಿತು.

ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ತಂಗಿಗೆ ಫೋನ್ ಮಾಡಿದರೆ, ಲ್ಯಾಬಿನಲ್ಲಿ ಕೆಲಸ ತಲೆಮೇಲಿದೆ, ಮುಂದಿನ ವಾರ ನೋಡೋಣ ಅನ್ನುವಳು. ಆ ಮುಂದಿನ ವಾರ ಬರಲೇ ಇಲ್ಲ. ಕೊನೆಗೆ ಅಣ್ಣ ಅಂಗಡಿ ಮುಚ್ಚಿ ಅವಳ ಲ್ಯಾಬಿಗೇ ಹೋದ. ಅಲ್ಲಿಯವರೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಗುಂಯ್‌ಗುಡುವ ಫ್ರಿಜ್ಜುಗಳ ನಡುವೆ ಕಿಟಕಿಯಿಲ್ಲದ ಕೋಣೆ. ಸವೆದ ಸ್ಟೂಲು. ಅವಳು ಸೂಕ್ಷ್ಮದರ್ಶಕ ಅವನ ಕಡೆ ತಿರುಗಿಸಿದಳು. ಮಸೂರಕ್ಕೆ ಪಳಗಿದ ಅವನ ಕಣ್ಣಿಗೆ ಕೂಡಲೇ ಕಂಡಿತು, ಲಿವರಿನ ತುಂಬ ಚೆಲ್ಲಿದ ನೀಲಿ ಕಾಳು. ತನ್ನೊಳಗೂ ಇದೇ ಕೂತಿತ್ತು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದನ್ನಾ ನೋಡ್ತಾ ಕೂತಿದ್ದೆ ಇಷ್ಟು ವರ್ಷ?"

"ನಾನೊಬ್ಳೇ ಅಲ್ಲ ಅಣ್ಣ. ಎಷ್ಟೋ ದೇಶದಲ್ಲಿ ಎಷ್ಟೋ ಜನ. ತಮ್ಮ ಲಿವರಿನ ಚೂರು ಕೊಟ್ಟ ರೋಗಿಗಳೂ ಇದ್ದಾರೆ. ಅವರು ಕೊಡದಿದ್ರೆ ನಮಗೇನು ಗೊತ್ತಾಗ್ತಿತ್ತು?"

ಅವನು ಅವಳ ಬಿಳಿ ಕೋಟು ತೆಗೆದು ಗೂಟಕ್ಕೆ ನೇತುಹಾಕಿದ.

"ನಡಿ ಆಸ್ಪತ್ರೆಗೆ."

"ನನಗೇನೂ ಆಗಿಲ್ಲ ಕಣೋ."

"ಏನೂ ಆಗೋಕೆ ಮುಂಚೆ ತಾನೇ ನೋಡಿಸ್ಬೇಕು? ನಮ್ಮಿಬ್ರನ್ನೂ ಹೆತ್ತಿದ್ದು ಒಬ್ಳೇ ಅಮ್ಮ."

ಪರೀಕ್ಷೆ ಮಾಡಿಸಿದರೆ ಅವಳಿಗೂ ಅದೇ ಕಾಯಿಲೆ ಇತ್ತು. ತಿಂಗಳ ಮುಟ್ಟಿನಲ್ಲಿ ಕಬ್ಬಿಣ ಹೊರಹೋಗುವುದರಿಂದ ಹೆಂಗಸರಲ್ಲಿ ಇದು ತಡವಾಗಿ ತಲೆಯೆತ್ತುತ್ತದೆ. ಅವಳಲ್ಲಿ ಕಬ್ಬಿಣ ಆಗಷ್ಟೇ ಕೂಡತೊಡಗಿತ್ತು, ಯಾವ ಅಂಗಕ್ಕೂ ಪೆಟ್ಟು ಬಿದ್ದಿರಲಿಲ್ಲ. ಈಗ ಇಬ್ಬರೂ ರಕ್ತ ತೆಗೆಸಿಕೊಳ್ಳಲು ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ತೋಳು ಚಾಚಿ ಮಲಗುತ್ತಾರೆ. ಒಂದು ದಿನ ಅವಳು ಸೂರು ನೋಡುತ್ತಾ ಅಂದಳು, "ಕಂಡವರ ಲಿವರ್ ನೋಡಿ ಕಣ್ಣು ಸವೆಸಿದೆ. ನನ್ನದನ್ನ ನೋಡೋಕೆ ನೀನು ಬರಬೇಕಾಯ್ತು."

ಓದುತ್ತಿರುವ ಅಕ್ಕ, ಅಣ್ಣ, ಇದನ್ನು ತಪ್ಪು ತಿಳಿಯಬೇಡಿ. ಪರೀಕ್ಷೆಯಲ್ಲಿ ರಕ್ತ ಕಮ್ಮಿ ಎಂದು ಕಂಡವರು, ಗರ್ಭಿಣಿಯರು, ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಲೇಬೇಡಿ. ನಿಮಗದು ಬೇಕು. ಆದರೆ ಪರೀಕ್ಷೆಯಿಲ್ಲದೆ ಯಾರೋ ಬಾಟಲಿ ಚಾಚಿದರೆ ಕೈ ಒಡ್ಡಬೇಡಿ. ಅದು ವೈದ್ಯವಲ್ಲ, ವ್ಯಾಪಾರ. ಬಿಡದ ಸುಸ್ತು, ಗೆಣ್ಣು ನೋವು, ಕಾರಣವಿಲ್ಲದೆ ಕಂಚಿನ ಬಣ್ಣಕ್ಕೆ ತಿರುಗಿದ ಮೈ ಇದ್ದರೆ, ಅಥವಾ ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ, ಆಸ್ಪತ್ರೆಗೆ ಹೋಗಿ "ನನ್ನ ಕಬ್ಬಿಣ ಎಷ್ಟಿದೆ ನೋಡಿ" ಎಂದು ಕೇಳಿ. ತಲೆತಗ್ಗಿಸಿ ಕೇಳಬೇಡಿ. ನಮ್ಮ ರಕ್ತದ ಲೆಕ್ಕ ಕೇಳುವುದು ನಮ್ಮ ಹಕ್ಕು. ಕಿಟಕಿಯಿಲ್ಲದ ಕೋಣೆಗಳಲ್ಲಿ ಆಯುಸ್ಸು ಸವೆಸಿ ಆ ಲೆಕ್ಕ ಹಾಕಲು ಕಲಿಸಿದವರಿಗೆ ನಾವು ಸಲ್ಲಿಸುವ ಕೃತಜ್ಞತೆಯೂ ಅದೇ. ತಡ ಮಾಡಬೇಡಿ, ತೋಳು ಚಾಚಿ.