ಹಸಿರೆಲೆಯ ಮುದ್ರೆ

ದೀಪಾವಳಿ ಕಳೆದ ಮೇಲೆ ಪದ್ಮಾಕ್ಷಿ ದನದ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯನ್ನು ಕೆದಕಿದಳು. ಮಳೆ ಹಿಡಿಯುವ ಮೊದಲು ಹಾಕಿದ್ದ ಸೊಪ್ಪು, ಬಾಳೆಲೆ, ಹಲಸಿನ ಸಿಪ್ಪೆ ಎಲ್ಲ ಕರಿಮಣ್ಣಾಗಿತ್ತು. ಅವುಗಳ ಜೊತೆ ಹೂತಿದ್ದ ಹಪ್ಪಳದ ಕಂದು ಕವರಿನ ಕಾಗದವೂ ಹೋಗಿತ್ತು. ಹೋಗದೆ ಉಳಿದದ್ದು ಕವರಿನ ಒಳಪದರ. ಹಾವು ಬಿಟ್ಟ ಪೊರೆಯ ಹಾಗೆ ತೆಳ್ಳಗೆ ಹೊಳೆಯುತ್ತ ಅದು ಹಾರೆಯ ತುದಿಗೆ ಸಿಕ್ಕಿಕೊಂಡು ಬಂತು.

ತನ್ನದೇ ಏನೋ ತಪ್ಪಿರಬೇಕು ಅಂದುಕೊಂಡಳು. ಬೀಗ ಹಾಕಿದ ಮೇಲೂ ಗೇಟಿನಿಂದ ತಿರುಗಿ ಬಂದು ಎಳೆದು ನೋಡುವ ಹೆಂಗಸು ಅವಳು. ಸೆಗಣಿ ಸಾಲಲಿಲ್ಲವೋ, ಆಳ ಸಾಲಲಿಲ್ಲವೋ? ಈ ಅನುಮಾನ ಬಂದೀತೆಂದೇ ನೆರೆಮನೆಯ ಪೂವಮ್ಮನ ಗುಂಡಿಯಲ್ಲೂ ಒಂದು ಕವರು ಹೂತಿದ್ದಳು. ಅಲ್ಲಿಯೂ ಅದೇ ಕಥೆ.

"ನನ್ನ ಗುಂಡಿಯಲ್ಲಿ ತೆಂಗಿನ ಮಡಲೇ ಕರಗ್ತದೆ ಮಾರಾಯ್ತಿ. ಇದು ಎಂತ ಜಾತಿಯದ್ದು?" ಎಂದರು ಪೂವಮ್ಮ.

ಶಿರ್ತಾಡಿಯ ಮಹಿಳಾ ಸಂಘದ ಹಲಸಿನ ಹಪ್ಪಳಕ್ಕೆ ಬರುವ ಬೇಸಿಗೆಯಿಂದ ಹೊಸ ಕವರು ಎಂದು ಮಾತಾಗಿತ್ತು. ಬಂಟ್ವಾಳದ ಜಿತೇಶ್, ಹೋಟೆಲಿನವರ ಮನೆಯ ಹುಡುಗ, ಪೇಟೆಯ ದೊಡ್ಡ ಅಂಗಡಿಗಳಿಗೂ ಗಲ್ಫಿಗೂ ಮಾಲು ಕಳಿಸುವವನು. ಕಂದು ಕವರು, ಮೇಲೊಂದು ಹಸಿರೆಲೆ, ಎಲೆಯ ಕೆಳಗೆ 'ಮಣ್ಣಿನಲ್ಲಿ ಮಣ್ಣಾಗುತ್ತದೆ' ಎಂಬ ಸಾಲು ಇದ್ದರೆ ಎಷ್ಟು ಹಪ್ಪಳವಾದರೂ ತೆಗೆದುಕೊಳ್ಳುತ್ತೇನೆ ಎಂದು ಮಾದರಿ ಕವರುಗಳನ್ನೂ ಕೊಟ್ಟಿದ್ದ. ಪದ್ಮಾಕ್ಷಿ ಹೂತದ್ದು ಅವನ್ನೇ. ತಿಂಡಿ ಮಾರುವ ಪರವಾನಗಿ ಪದ್ಮಾಕ್ಷಿಯ ಹೆಸರಿನಲ್ಲಿತ್ತು. ಆ ಸಾಲಿನ ಕೆಳಗೆ ಅಚ್ಚಾಗುವುದು ಅವಳ ಹೆಸರು. ಅವಳು ಹೂಂ ಅನ್ನದೆ ಅಚ್ಚಿಗೆ ಹೋಗುವಂತಿರಲಿಲ್ಲ.

ಜಿತೇಶ್ ಸಂಘದ ಕೋಣೆಗೆ ಬಂದ ದಿನ ಅವಳು ಆ ಪೊರೆಯನ್ನು ತೊಳೆದು ತಂದು ಮೇಜಿನ ಮೇಲಿಟ್ಟಳು.

"ಅದು ಪ್ಲಾಸ್ಟಿಕ್ ಅಲ್ಲ ಪದ್ಮಕ್ಕ, ಜೋಳದಿಂದ ಮಾಡಿದ್ದು," ಅಂದ ಜಿತೇಶ್.

"ಕವರಿನ ಕಂಪೆನಿಗೆ ನಾನೇ ಫೋನ್ ಮಾಡಿ ಕೇಳಿದೆ. ಕರಗ್ತದೆ, ಆದರೆ ಅದಕ್ಕೆ ದೊಡ್ಡ ಮೆಷಿನಿನ ಬಿಸಿ ಬೇಕಂತೆ. ಆ ಮೆಷಿನ್ ನಮ್ಮಲ್ಲಿ ಎಲ್ಲಿ ಉಂಟು?"

"ಇಲ್ಲಿ ಇಲ್ಲ. ದೂರ ಎಲ್ಲಿಯಾದರೂ ಇರಬಹುದು."

"ಹಾಗಾದರೆ ಅದನ್ನೂ ಬರೆಯುವ. ಹಪ್ಪಳ ತಿಂದಾದ ಮೇಲೆ ಕವರನ್ನು ಬಸ್ಸು ಹತ್ತಿಸಿ ಅಂತ."

ಸುತ್ತ ಕೂತಿದ್ದ ಹೆಂಗಸರು ನಕ್ಕರು. ಇಂಥ ಮಾತು ತನ್ನ ಬಾಯಿಂದ ಬಂತೇ ಎಂದು ಪದ್ಮಾಕ್ಷಿಗೇ ಗಾಬರಿಯಾಯಿತು.

ಸಂಘದ ಅಧ್ಯಕ್ಷೆ ಕಾಂತಿಯಕ್ಕ ನಗಲಿಲ್ಲ. ಈ ಆರ್ಡರಿನ ಮೇಲೆ ಹಪ್ಪಳ ಒಣಗಿಸುವ ಡ್ರೈಯರ್ ತರುವ ಆಸೆ ಅವರದ್ದು. "ಸಂಜೆ ಕಾಲೇಜಿಗೆ ಹೋದದ್ದು ಇವಳಿಗೆ ಹೆಚ್ಚಾಯ್ತು. ಕವರೇ ಬೇಡ ಅಂತೀಯಾ? ಆಟಿ ತಿಂಗಳ ಮಳೆಗೆ ಹಪ್ಪಳ ಒದ್ದೆ ಬಟ್ಟೆ ಆಗ್ತದೆ."

"ಬೇಡ ಅನ್ನಲಿಲ್ಲ ಅಕ್ಕ. ನಮ್ಮ ಹಳೆಯ ದಪ್ಪ ಕವರೇ ಇರಲಿ. ಅದನ್ನಾದರೆ ಗುಜರಿಯವರು ತಗೊಳ್ತಾರೆ, ಇದನ್ನು ಅವರೂ ಮುಟ್ಟುವುದಿಲ್ಲ. ಕರಗದ್ದನ್ನು ಕರಗುವುದಿಲ್ಲ ಅಂತಲೇ ಬರೆಯುವ."

"ಎಲ್ಲರೂ ಎಲೆ ಹಾಕ್ತಾರೆ. ಗುಂಡಿ ಅಗೆದು ನೋಡುವವರು ಯಾರು?" ಅಂದ ಜಿತೇಶ್.

"ನಾನು ನೋಡಿದ್ದೇನಲ್ಲ."

ಅವನು ಕುರ್ಚಿಯನ್ನು ಕಾಂತಿಯಕ್ಕನ ಕಡೆಗೆ ತಿರುಗಿಸಿದ. "ಒಂದು ಕೆಲಸ ಮಾಡುವ ಅಕ್ಕ. ಪರವಾನಗಿಯನ್ನು ನಿಮ್ಮ ಹೆಸರಿಗೆ ಮಾಡಿಸುವ. ಪದ್ಮಕ್ಕನಿಗೂ ತಲೆಬಿಸಿ ಇಲ್ಲ."

ಈ ದಾರಿ ಉಂಟೆಂದು ಪದ್ಮಾಕ್ಷಿಗೆ ಹೊಳೆದೇ ಇರಲಿಲ್ಲ. ಕಾಂತಿಯಕ್ಕ ಆ ಪೊರೆಯನ್ನು ಎತ್ತಿಕೊಂಡು ಎರಡೂ ಕೈಯಿಂದ ಎಳೆದರು. ಅದು ಉದ್ದವಾಯಿತೇ ಹೊರತು ಹರಿಯಲಿಲ್ಲ.

"ನನ್ನ ಹೆಸರಾ?" ಎಂದರು ನಿಧಾನಕ್ಕೆ. "ಬೆಳ್ತಂಗಡಿಯಲ್ಲಿ ನನ್ನ ಅಣ್ಣ ಇದ್ದಾನೆ. ಅವನ ಗೊಬ್ಬರದಲ್ಲಿ ಇದು ಸಿಕ್ಕಿದರೆ ಸಾಯುವವರೆಗೆ ತಮಾಷೆ ಮಾಡಿಯಾನು. ಬೇಡ ಮಾರಾಯ. ನಿನ್ನ ಹೆಸರೇ ಹಾಕು, ಆದೀತಾ?"

ಜಿತೇಶ್ ಮಾದರಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

"ಡ್ರೈಯರ್ ಹೋಯ್ತು, ನೋಡು," ಅಂದರು ಕಾಂತಿಯಕ್ಕ. ಸಿಟ್ಟು ಇಳಿದಿರಲಿಲ್ಲ. ಪದ್ಮಾಕ್ಷಿಗೆ ಕ್ಷಮೆ ಕೇಳಬೇಕೆನಿಸಿತು. ಕೇಳಲಿಲ್ಲ.

ಮುಂದಿನ ವಾರ ಉಳಿದ ಹಪ್ಪಳವನ್ನು ಹಳೆಯ ಕವರಿಗೇ ತುಂಬಿಸಿ ಚೀಟಿ ಅಂಟಿಸಿದಳು. 'ಈ ಕವರು ಮಣ್ಣಿನಲ್ಲಿ ಕರಗುವುದಿಲ್ಲ. ಖಾಲಿಯಾದ ಮೇಲೆ ಇದೇ ಅಂಗಡಿಗೆ ತಂದುಕೊಡಿ.' ಕೆಳಗೆ ಅವಳ ಹೆಸರು, ಫೋನ್ ನಂಬರು. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವರು ಅದನ್ನು ಓದಿ, "ಇದನ್ನು ಬರೆದು ಮಾರುವವರು ಉಂಟಾ?" ಎನ್ನುತ್ತ ಅವಳು ತಂದ ಕವರುಗಳನ್ನು ಚೀಟಿ ಒಳಮುಖವಾಗುವಂತೆ ತೂಗುಹಾಕಿದರು.

ಪದ್ಮಾಕ್ಷಿ ಕೈಚಾಚಿ ಹೊರಮುಖ ಮಾಡಿದಳು. ಅವರು ಮತ್ತೆ ತಿರುಗಿಸಿದರು. ಅವಳು ಮತ್ತೆ ತಿರುಗಿಸಿದಳು. ಶಿರ್ತಾಡಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ತಿ ಹತ್ತಿ ಎಂದು ಕರೆಯುತ್ತಿದ್ದ. ಅವಳು ಅಂಗಡಿಯ ಬೆಂಚಿನ ಮೇಲೆ ಕೂತುಕೊಂಡು, ಇನ್ನೊಂದು ಬಸ್ಸು ಉಂಟು ಅಂದಳು.