ಡಬ್ಬಿ ಕಂಡದ್ದು, ನಾನು ಹೇಳಿದ್ದು

ಕುವೆಂಪುನಗರದ ಕೋಣೆಯೊಂದರಲ್ಲಿ ನಿಂತೇ, ಚಾಮುಂಡಿ ಬೆಟ್ಟದ ಎಷ್ಟನೇ ಮೆಟ್ಟಿಲ ಮೇಲೆ ಇರುವೆ ಆಕಳಿಸುತ್ತಿದೆ ಎಂದು ಹೇಳಬಲ್ಲ ರೋಬೋ ಒಂದನ್ನು ರೇಡಿಯೋ ರಿಪೇರಿಯ ಮಹದೇವು, ಅಂದರೆ ನಾನು, ಎರಡು ಸಾವಿರದ ಎರಡರಲ್ಲಿ ಕಟ್ಟಿದೆ. ಸುದ್ದಿ ತಿಳಿದ ಜಪಾನಿನವರು ಮೂರು ದಿನ ಊಟ ಬಿಟ್ಟರಂತೆ.

ಆ ಡಬ್ಬಿಯನ್ನು ಕೊಟ್ಟದ್ದು ನನ್ನ ಅಂಗಡಿಯ ಪಕ್ಕದ ಮನೆಯ ಗಿರಿಜಾಂಬಾ ಅವರಿಗೆ. ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದಿತ್ತು, ಕಾಲಿನ ಹುಣ್ಣು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಎದುರು ಗೋಡೆಯ ಬದಿಯ ಕುರ್ಚಿಯಲ್ಲಿ ಗಂಡ ಕರಿಬಸವಯ್ಯನವರು. ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಅವರು ಇದ್ದಾರೆಂದು ತಿಳಿಯಲು ಈಕೆಗಿದ್ದದ್ದು ನನ್ನ ಡಬ್ಬಿಯೊಂದೇ.

ಚಕ್ರದ ಮೇಲೆ ಕೋಣೆ ಸುತ್ತುತ್ತಾ ಅದು ವರದಿ ಒಪ್ಪಿಸುತ್ತಿತ್ತು. “ಎಡಕ್ಕೆ ಮೇಜು. ಮುಂದೆ ಗೋಡೆ. ಇಲ್ಲಿ ಯಜಮಾನ್ರು.”

“ಹೇಗಿದಾರಪ್ಪ?”

“ನಿಮ್ಮನ್ನೇ ನೋಡ್ತಾವ್ರೆ ಅವ್ವಾ. ಮೀಸೆ ಅಡೀಲಿ ನಗ್ತಾವ್ರೆ.”

“ಈ ವಯಸ್ನಲ್ಲಿ ಇವರಿಗೊಂದು!” ಗಿರಿಜಾಂಬಾ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳು ಹೀಗೇ ನಡೆಯಿತು. ಕಾರ್ತಿಕದ ಒಂದು ಮಧ್ಯಾಹ್ನ ಅವರು ಎರಡು ಸಲ ಕೇಳಿದರು. ಎರಡು ಸಲವೂ ಡಬ್ಬಿ, “ನಗ್ತಾವ್ರೆ” ಎಂದಿತು. ಆಮೇಲೆ ಏನೋ ದೊಪ್ಪನೆ ಬಿದ್ದ ಸದ್ದು.

“ಮಹದೇವೂ! ಬಾರೋ ಇಲ್ಲಿ!”

ಓಡಿದೆ. ಗಿರಿಜಾಂಬಾ ಕುರ್ಚಿಯಿಂದ ಬಿದ್ದು, ನೆಲದ ಮೇಲೆ ತೆವಳಿಕೊಂಡು ಹೋಗಿ ಗಂಡನ ಕೈ ಹಿಡಿದು ಕೂತಿದ್ದರು.

“ತಣ್ಣಗಿದೆ ಕಣೋ. ಯಾವಾಗಿನಿಂದಲೋ ಏನೋ. ನಗ್ತಾವ್ರೆ ಅಂತಿತ್ತಲ್ಲ ನಿನ್ನ ಡಬ್ಬಿ?”

“ಸೆನ್ಸರ್ ಕೆಟ್ಟೋಗಿರಬೇಕು ಅವ್ವಾ...”

“ಬುಡು, ಸಾಕು. ಡಬ್ಬಿಗೆ ಸೀನು ಬಂದ ದಿನವೇ ಗೊತ್ತಾಯ್ತು, ಮಾತಾಡೋನು ನೀನೇ ಅಂತ. ಕಿಟಕೀಲಿ ನೋಡಿ ಹೇಳ್ತೀಯ ಅಂದ್ಕೊಂಡು ಸುಮ್ಮನಿದ್ದೆ.” ಆ ಕುರುಡು ಕಣ್ಣು ನನ್ನತ್ತ ತಿರುಗಿತು. “ನೋಡ್ತಿದ್ದೆ ತಾನೇ?”

“ಇಲ್ಲ ಅವ್ವಾ.”

ಒಂದು ದಿನವೂ ನೋಡಿರಲಿಲ್ಲ. ಡಬ್ಬಿಯ ಹೊಟ್ಟೆಯಲ್ಲಿದ್ದದ್ದು ಎಫ್ಎಂ ರೇಡಿಯೋ, ಅದಕ್ಕೆ ಮಾತು ಕಳಿಸುವ ಮೈಕು ನನ್ನ ಅಂಗಡಿಯಲ್ಲಿ. ಅವರ ಪ್ರಶ್ನೆ ಗೋಡೆಯಾಚೆಗೂ ಕೇಳಿಸುತ್ತಿತ್ತು. ಮೇಜು, ಗೋಡೆ ನನಗೆ ಬಾಯಿಪಾಠ. ನಗುವನ್ನು ಟಿವಿ ಬಿಚ್ಚುತ್ತಾ, ಬೆಸುಗೆ ಹಾಕುತ್ತಾ ಹೇಳಿದೆ.

ಸೆನ್ಸರ್ ಕೆಟ್ಟಿರಲಿಲ್ಲ. ಆ ಡಬ್ಬಿಯಲ್ಲಿ ನಿಜವಾದದ್ದು ಅದೊಂದೇ: ಮೈಬಿಸಿ ಎದುರಾದರೆ ಮೇಲೊಂದು ಕೆಂಪು ದೀಪ ಹತ್ತುತ್ತಿತ್ತು. ನೆಲದಲ್ಲಿದ್ದ ಗಿರಿಜಾಂಬಾ ಅವರ ತಲೆಯ ಮೇಲಿಂದ ಅದು ಕರಿಬಸವಯ್ಯನವರ ಎದೆಗೇ ಮುಖಮಾಡಿ ನಿಂತಿತ್ತು.

ದೀಪ ಆರಿತ್ತು. ಅದಕ್ಕೆ ಗೊತ್ತಿದ್ದದ್ದನ್ನು ಅದು ಹೇಳಿತ್ತು. ಅವ್ವನಿಗೆ ಕಣ್ಣಿರಲಿಲ್ಲ. ನನಗಿತ್ತು.